ಸಹಿ ಹಾಕುವ ಮುಂಚೆ ಒಮ್ಮೆ ಗುಡ್ಡ ಹತ್ತಿ ಬನ್ನಿ: ನಮ್ಮ ಪಂಚಾಯಿತಿಗೆ ಬಹಿರಂಗ ಪತ್ರ

ಮಾನ್ಯ ಸರಪಂಚರೇ, ಉಪ ಸರಪಂಚರೇ, ಎಲ್ಲ ಪಂಚ್ ಸದಸ್ಯರೇ, ಪಂಚಾಯಿತಿ ಕಾರ್ಯದರ್ಶಿಗಳೇ, ಹಾಗೂ ಯೋಜನೆಗೆ ಒಪ್ಪಿಗೆ ಕೊಡುವ ತಾಲೂಕಿನ ಅಧಿಕಾರಿಗಳೇ,

ನಮಸ್ಕಾರ.

ನಮ್ಮೂರ ಗುಡ್ಡದ ಮೇಲೆ ವಿಲ್ಲಾ ಮತ್ತು ಫ್ಲ್ಯಾಟ್ ಕಟ್ಟುವ ಯೋಜನೆಯ ಪರವಾನಗಿ ಅರ್ಜಿ ಈಗ ನಿಮ್ಮ ಮುಂದಿದೆ. ಈ ಪತ್ರ ಅದರ ಬಗ್ಗೆ. ಇದರ ಕೊಂಕಣಿ ಪ್ರತಿಗೆ ನಮ್ಮ ವಾಡೊದ (ಕೇರಿಯ) ಜನ ಸಹಿ ಹಾಕಿದ್ದಾರೆ, ಅದನ್ನು ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇವೆ. ಕನ್ನಡದಲ್ಲೂ ಬರೆಯುವುದಕ್ಕೆ ಕಾರಣ ಇದೆ. ದಕ್ಷಿಣ ಗೋವಾದ ಸಾಲ್ಸೆಟ್, ಮುರಗಾಂವ್ ಕಡೆ ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿಯಿಂದ ಬಂದು ನೆಲೆಸಿದ ನಮ್ಮ ಜನ ಊರೂರಲ್ಲೂ ಇದ್ದಾರೆ. ಎಷ್ಟೋ ಮಂದಿಯ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲೇ ಇದೆ. ಆದರೂ ಗ್ರಾಮಸಭೆ ಅಂದರೆ ಅದು ನಮಗಲ್ಲ ಅಂತ ಮನೆಯಲ್ಲೇ ಕೂತುಬಿಡುತ್ತಾರೆ. ಅವರೂ ಇದನ್ನು ಓದಲಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಟೈಲ್ಸ್ ಕೆಲಸದವನು. ನನ್ನ ಮನೆಯ ಒಲೆ ಉರಿಯುವುದೇ ಯಾರೋ ಮನೆ ಕಟ್ಟಿಸುವುದರಿಂದ, ಹಾಗಾಗಿ ಕಟ್ಟಡವೇ ಬೇಡ ಅನ್ನುವವನು ನಾನಲ್ಲ. ಹೊರಗಿನವರು ಇಲ್ಲಿಗೆ ಬರಬಾರದು ಅಂತಲೂ ಹೇಳಲಾರೆ, ನಾನೂ ಅನಮೋಡ ಘಾಟಿ ಇಳಿದು ಬಂದವನೇ ಅಲ್ವಾ. ನನ್ನ ಮಕ್ಕಳು ಇಲ್ಲೇ ಹುಟ್ಟಿದವರು, ನನಗಿಂತ ಚೆನ್ನಾಗಿ ಕೊಂಕಣಿ ಮಾತಾಡುತ್ತಾರೆ. ನನ್ನ ತಕರಾರು ಈ ಅರ್ಜಿಯನ್ನು ತೀರ್ಮಾನ ಮಾಡುತ್ತಿರುವ ರೀತಿಗೆ.

ಈ ಯೋಜನೆಯ ಸುದ್ದಿ ನಮಗೆ ಗೊತ್ತಾಗಿದ್ದು ನಿಮ್ಮಿಂದಲ್ಲ, ಜೆಸಿಬಿಯಿಂದ. ಗೋಡಂಬಿ ಮರಗಳ ಮಧ್ಯೆ ಕೆಂಪು ದಾರಿ ಸೀಳಿಕೊಂಡು ಮೇಲೆ ಹೋಯಿತು. ಯಾಕೆ ಅಂತ ಕೇಳಿದರೆ ಸರ್ವೆಗೆ ದಾರಿ ಅಂದರು. ಮೊದಲ ಮಳೆಗೆ ಆ ಕಡೆಯ ಕೆಂಪು ಮಣ್ಣೆಲ್ಲ ಕೆಳಗಿನ ಗದ್ದೆಗೆ ಬಂತು. ಗದ್ದೆಯ ಅಂಚಿನ ಮೋರಿ ಪೈಪು ಅರ್ಧ ಮುಚ್ಚಿಹೋಗಿದೆ. ಇವತ್ತಿಗೂ ಹಾಗೇ ಇದೆ, ಯಾರು ಬೇಕಾದರೂ ಹೋಗಿ ಬಗ್ಗಿ ನೋಡಬಹುದು. ಗುಡ್ಡ ಕಡಿಯುವುದಕ್ಕೆ, ತಗ್ಗು ಜಾಗ ತುಂಬುವುದಕ್ಕೆ ಮುಖ್ಯ ನಗರ ಯೋಜಕರ ಅನುಮತಿ ಬೇಕು ಅಂತ ಗೋವಾದ 1974ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 17ಎ ಕಲಮು ಹೇಳುತ್ತದೆ. ಆ ದಾರಿಗೆ ಅಂಥ ಅನುಮತಿ ಇತ್ತಾ? ಇದ್ದರೆ ಅದರ ಪ್ರತಿ ಎಲ್ಲಿ? ಇಷ್ಟು ಕೇಳಿದ್ದಕ್ಕೆ ಈವರೆಗೆ ಉತ್ತರ ಇಲ್ಲ.

ಆಮೇಲೆ ಗ್ರಾಮಸಭೆ. ಆ ಭಾನುವಾರ ಹಾಲ್‌ನಲ್ಲಿ ಕೂರಲು ಜಾಗ ಇರಲಿಲ್ಲ. ಒಟ್ಟು ಎಷ್ಟು ಮನೆ ಬರುತ್ತದೆ ಅಂತ ಒಬ್ಬರು ಕೇಳಿದರು. ಸಿಕ್ಕ ಉತ್ತರ ಏನು? ತಾಂತ್ರಿಕ ಒಪ್ಪಿಗೆ ಆಗಿದೆ, ಸನದ್ (ಜಮೀನನ್ನು ಕಟ್ಟಡಕ್ಕೆ ಬಳಸುವ ಅನುಮತಿ) ಆಗಿದೆ, ಎಲ್ಲ ಎನ್‌ಒಸಿ ಫೈಲಿನಲ್ಲಿವೆ, ಪಂಚಾಯಿತಿ ಕೈಯಲ್ಲಿ ಏನೂ ಇಲ್ಲ. ಸ್ವಾಮಿ, ಕೇಳಿದ್ದು ಮನೆ ಎಷ್ಟು ಅಂತ. ನಾನು ಎದ್ದು ನೀರಿನ ವಿಷಯ ಎತ್ತಿದಾಗ ಬಾಡಿಗೆಗೆ ಇರುವವರಿಗೆ ಊರಿನ ಉಸಾಬರಿ ಯಾಕೆ ಅಂತ ಹಿಂದಿನಿಂದ ಒಂದು ದನಿ ಬಂತು. ನೀವು ಯಾರೂ ಅವರನ್ನು ತಡೆಯಲಿಲ್ಲ. ಅದು ನನಗೆ ನೋವಾಯಿತು, ಬರೆದೇ ಹೇಳುತ್ತೇನೆ. ಕೊನೆಗೆ ಎದ್ದು ನಿಂತವರು ನಮ್ಮ ವಾಡೊದ ಹಿರಿಯ ಹೆಂಗಸು, ನಾವೆಲ್ಲ ಮಾಯ್ ಅನ್ನುವವರು. ಇವನ ಮನೆಯವರು ಕುಡಿಯುವುದೂ ನನ್ನ ಬಾವಿಯ ನೀರೇ, ಇವನು ಕೇಳದೆ ಇನ್ಯಾರು ಕೇಳಬೇಕು ಅಂದರು. ಅಷ್ಟರಲ್ಲಿ ಸಭೆ ಮುಗಿಯಿತು ಅಂತ ಎದ್ದುಬಿಟ್ಟಿರಿ.

ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. 1994ರ ಗೋವಾ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಸ್ವಂತ ಮನೆ, ಬಾಡಿಗೆ ಮನೆ ಅಂತ ಭೇದ ಇಲ್ಲ. ಚುನಾವಣೆ ಬಂದಾಗ ನಮ್ಮ ಚಾಳಿನ ಬಾಗಿಲಿಗೆ ಬಂದು ಕೈಮುಗಿಯುವಾಗಲೂ ಈ ಭೇದ ಇರಲಿಲ್ಲ.

ಸಭೆಯಲ್ಲಿ ಉತ್ತರ ಸಿಗದಿದ್ದಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಫೈಲನ್ನೇ ನೋಡಿದೆವು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ನೀರಿನ ಪತ್ರದಲ್ಲಿ ನೀರಿನ ಲಭ್ಯತೆಗೆ ಒಳಪಟ್ಟು ಸಂಪರ್ಕ ಕೊಡಲಾಗುವುದು ಅಂತಿದೆ. ಕೊಡುತ್ತೇವೆ ಅಂತಲೂ ಇಲ್ಲ, ಕೊಡಲ್ಲ ಅಂತಲೂ ಇಲ್ಲ. ವಿದ್ಯುತ್ತಿನ ಪತ್ರದಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಬಂದ ನಂತರ ಅಂತಿದೆ. ಆರೋಗ್ಯದ ಪತ್ರದಲ್ಲಿ ಕೊಳಚೆ ನೀರಿನ ಸೂಕ್ತ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು ಅಂತ ಒಂದೇ ಸಾಲು. ಯೋಜನಾ ಒಪ್ಪಿಗೆಯ ಷರತ್ತುಗಳಲ್ಲಿ ದಾರಿ, ಚರಂಡಿ ಇತ್ಯಾದಿಗಳನ್ನು ಸ್ಥಳೀಯ ಸಂಸ್ಥೆ ಪರಿಶೀಲಿಸತಕ್ಕದ್ದು ಅಂತಿದೆ. ಸ್ಥಳೀಯ ಸಂಸ್ಥೆ ಅಂದರೆ ನೀವೇ. ಅಲ್ಲಿಗೆ ಏನಾಯಿತು ನೋಡಿ. ಪ್ರತಿಯೊಬ್ಬರೂ ತಮ್ಮ ಅನುಮಾನವನ್ನು ಷರತ್ತು ಮಾಡಿ ಮುಂದಿನ ಮೇಜಿಗೆ ತಳ್ಳಿದ್ದಾರೆ. ಕೊನೆಯ ಮೇಜು ಪಂಚಾಯಿತಿಯದು. ನೀವು ಹಿಂದಿನ ಮೇಜುಗಳ ಕಡೆ ಕೈ ತೋರಿಸಿ ಎಲ್ಲ ಆಗಿದೆ ಅನ್ನುತ್ತೀರಿ. ಹಾಗಾದರೆ ನೀರು ಇದೆಯಾ ಅಂತ ನಿಜವಾಗಿ ನೋಡಿದವರು ಯಾರು? ಆ ಫೈಲಿನಲ್ಲಿ ಅಂಥ ಒಂದು ಹಾಳೆಯೂ ಇಲ್ಲ.

ಹಾಗಾಗಿ ನಿಮ್ಮ ಕೈಯಲ್ಲಿ ಏನೂ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಟ್ಟಡ ಪರವಾನಗಿ ಕೊಡುವುದು ಪಂಚಾಯಿತಿ. ಕಟ್ಟಿ ಮುಗಿದ ಮೇಲೆ ವಾಸದ ಪ್ರಮಾಣಪತ್ರ ಕೊಡುವುದೂ ಪಂಚಾಯಿತಿ. ನಿಮ್ಮ ಸಹಿ ಇಲ್ಲದೆ ಒಂದು ಇಟ್ಟಿಗೆಯೂ ಏಳುವ ಹಾಗಿಲ್ಲ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಭೆಯಲ್ಲಿ ಅದಕ್ಕೆ ಸಮಯ ಸಿಗಲಿಲ್ಲ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅಷ್ಟು ಮಳೆ ಬೀಳುವ ಊರಲ್ಲಿ ನೀರಿಗೇನು ಬರ ಅಂತ ಹೊರಗಿನವರು ಕೇಳುತ್ತಾರೆ. ಆದರೆ ಆ ಮಳೆ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಉಳಿದ ತಿಂಗಳು ನಮ್ಮನ್ನು ಕಾಯುವುದು ಈ ಗುಡ್ಡದ ಚಿರೆಕಲ್ಲು. ಅದರ ಮೈತುಂಬ ತೂತು. ಮಳೆ ನೀರನ್ನು ಒಳಗೆಳೆದುಕೊಂಡು ಬುಡದಲ್ಲಿ ನಿಧಾನವಾಗಿ ಝರಿಯಾಗಿ ಬಿಡುತ್ತದೆ. ನಮ್ಮ ವಾಡೊದ ಬಾವಿಗಳೆಲ್ಲ ಆ ಬುಡದಲ್ಲೇ ಇರುವುದು. ಗುಡ್ಡದ ತಲೆಯ ಮೇಲೆ ಕಾಂಕ್ರೀಟ್ ಹಾಸಿ, ಪಾರ್ಕಿಂಗ್‌ಗೆ ಪೇವರ್ ಹಾಕಿದರೆ ನೀರು ಒಳಗೆ ಇಳಿಯುವುದು ಎಲ್ಲಿಂದ? ಮಳೆಗಾಲದಲ್ಲಿ ಎಲ್ಲ ಒಟ್ಟಿಗೇ ಗದ್ದೆಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಬಾವಿ ಒಣಗುತ್ತದೆ. ಈಗಲೇ ಮೇ ತಿಂಗಳಲ್ಲಿ ಮಾಯ್ ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕಬೇಕಾಗುತ್ತದೆ. ಹಸಿರು ನೈಲಾನ್ ಹಗ್ಗಕ್ಕೆ ನೀಲಿ ತುಂಡು. ಕೊಡದ ತಳಕ್ಕೆ ಮರಳು ಬರುತ್ತದೆ. ನಳದ ನೀರು ಸಾಳಾವಳಿ ಅಣೆಕಟ್ಟಿನಿಂದ ಬರುತ್ತದೆ, ಆದರೆ ನಾವು ಪೈಪಿನ ತುದಿಯಲ್ಲಿದ್ದೇವೆ. ನಳಕ್ಕೆ ಒತ್ತಡ ಬರುವುದು ನಸುಕಿನಲ್ಲಿ ಸ್ವಲ್ಪ ಹೊತ್ತು ಮಾತ್ರ, ಆಗ ಹೆಂಗಸರೆಲ್ಲ ಎದ್ದು ಕೂತಿರುತ್ತಾರೆ.

ಇನ್ನು ಬರಲಿರುವ ಯೋಜನೆಯ ಜಾಹೀರಾತಿನಲ್ಲಿ ಪ್ರತಿ ವಿಲ್ಲಾಕ್ಕೂ ಒಂದೊಂದು ಈಜುಕೊಳ ಅಂತಿದೆ. ಈಜುಕೊಳಕ್ಕೆ ಟೈಲ್ಸ್ ಹಾಕುವುದು ನನ್ನ ಕೆಲಸ, ಇದರ ಲೆಕ್ಕ ನನಗೆ ಗೊತ್ತು. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಅಂದರೆ 48 ಸಾವಿರ ಲೀಟರ್. 10 ಸಾವಿರ ಲೀಟರಿನ ಟ್ಯಾಂಕರ್ ಆದರೆ ಸುಮಾರು ಐದು. ಸರ್ಕಾರದ ಲೆಕ್ಕದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು. ಐದು ಜನರ ಮನೆಗೆ 675 ಲೀಟರ್. ಒಂದು ಕೊಳ ತುಂಬುವ ನೀರಿನಲ್ಲಿ ಅಂಥ ಒಂದು ಮನೆ ಎರಡು ತಿಂಗಳಿಗೂ ಜಾಸ್ತಿ ಬದುಕಬಹುದು. ಬಿಸಿಲಿಗೆ ಆರುವ ನೀರು, ಸೋರುವ ನೀರು ಬೇರೆ. ಅದನ್ನು ವರ್ಷವಿಡೀ ತುಂಬುತ್ತಲೇ ಇರಬೇಕು. ನಳದ ನೀರು ಸಾಲದೆ ಹೋದಾಗ ಅವರು ಮಾಡುವುದು ಎರಡೇ, ಬೋರ್‌ವೆಲ್ ಕೊರೆಯುವುದು, ಇಲ್ಲವೇ ಟ್ಯಾಂಕರ್ ತರಿಸುವುದು. ಬೋರ್‌ವೆಲ್ ಕೊರೆದರೆ ನೀರು ಹೋಗುವುದು ಮಾಯ್ ಬಾವಿಯಿಂದ. ಟ್ಯಾಂಕರ್ ಅಂದರೂ ನೀರು ಆಕಾಶದಿಂದ ಬರುವುದಿಲ್ಲ, ಯಾವುದೋ ಪಕ್ಕದ ಊರಿನ ಬಾವಿಯದು. ಅಂತರ್ಜಲ ಹೀಗೆ ಬೇಕಾಬಿಟ್ಟಿ ಎತ್ತಬಾರದು ಅಂತಲೇ ಗೋವಾದಲ್ಲಿ 2002ರಲ್ಲಿ ಅಂತರ್ಜಲ ನಿಯಂತ್ರಣ ಕಾಯ್ದೆ ಬಂತು.

ಬಳಸಿದ ನೀರಿನಲ್ಲಿ ಹತ್ತರಲ್ಲಿ ಎಂಟು ಪಾಲು ಕೊಳಚೆಯಾಗಿ ಹೊರಗೆ ಬರುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ನಮ್ಮೂರಲ್ಲಿ ಒಳಚರಂಡಿ ಇಲ್ಲ. ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಅಷ್ಟೇ. ನೀರನ್ನು ಸರಾಗವಾಗಿ ಇಳಿಸುವ ಚಿರೆಕಲ್ಲು ಕೊಳಚೆಯನ್ನೂ ಅಷ್ಟೇ ಸರಾಗವಾಗಿ ಇಳಿಸುತ್ತದೆ. ಮೇಲಿನ ಗುಂಡಿ ತುಂಬಿದರೆ ಕೆಳಗಿನ ಬಾವಿಗೆ ಬರುತ್ತದೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಸಾಳ ನದಿಗೆ. ಸಾಳ ನದಿ ಈಗಾಗಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಲಿನ ನದಿಗಳ ಪಟ್ಟಿಗೆ ಸೇರಿದ್ದು ನಿಮಗೂ ಗೊತ್ತು. ನದಿಯಂಚಿನ ಖಾಜನ್ ಗದ್ದೆಗಳಿಗೆ ಬಾಂದು (ಮಣ್ಣಿನ ಏರಿ), ಮಾನಸ (ಬಾಗಿಲಿರುವ ತೂಬು) ಅಂತ ಕಟ್ಟಿ ಉಪ್ಪುನೀರು ಒಳಗೆ ಬರದ ಹಾಗೆ ಹಿರಿಯರು ಶತಮಾನಗಳಿಂದ ಕಾದುಕೊಂಡು ಬಂದಿದ್ದಾರೆ. ಅದು ಸಮುದ್ರದ ಕಡೆಯಿಂದ ಬರುವ ನೀರಿಗೆ ಕಟ್ಟಿದ ಕಾವಲು. ಗುಡ್ಡದ ಕಡೆಯಿಂದ ಬರುವ ಕೊಳಚೆಯನ್ನು ಯಾವ ಮಾನಸದ ಬಾಗಿಲು ತಡೆಯುತ್ತದೆ?

ಇಳಿಜಾರಿನ ವಿಷಯವೂ ಇದೆ. ಯಾವ ಜಾಗವನ್ನು ಯಾವುದಕ್ಕೆ ಬಳಸಬಹುದು ಅಂತ ಹೇಳುವ ಗೋವಾದ ಪ್ರಾದೇಶಿಕ ಯೋಜನೆ 2021ರಲ್ಲಿ ಶೇ. 25ಕ್ಕಿಂತ ಜಾಸ್ತಿ ಇಳಿಜಾರಿರುವ ಜಾಗದಲ್ಲಿ ಕಟ್ಟುವ ಹಾಗಿಲ್ಲ. ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರಿಗಿಂತ ಜಾಸ್ತಿ ಏರುವ ಜಾಗ ಅದು. ಫೈಲಿನ ನಕ್ಷೆಯಲ್ಲಿ ನಮ್ಮ ಗುಡ್ಡ ಮೆಲ್ಲಗೆ ಇಳಿಯುತ್ತದೆ. ಆದರೆ ಅಲ್ಲಿ ಸಿಮೆಂಟ್ ಮೂಟೆ ಹೊತ್ತವನು ನಡುವೆ ನಿಂತು ಉಸಿರು ತೆಗೆದುಕೊಳ್ಳದೆ ಮೇಲೆ ತಲುಪಲಾರ. ನಕ್ಷೆ ಬರೆದವರು ಬಿಲ್ಡರ್ ಕಡೆಯವರು. ಅದನ್ನು ಜಾಗದಲ್ಲಿ ನಿಂತು ತಾಳೆ ನೋಡಿದವರು ಯಾರು, ಯಾವ ದಿನ ಅಂತ ಫೈಲಿನಲ್ಲಿ ಬರೆದಿಲ್ಲ.

ಇದೇ ಗುಡ್ಡ ಮೊದಲು ತೋಟದ ವಲಯದಲ್ಲಿತ್ತು, ಆಮೇಲೆ ವಸತಿ ವಲಯ ಆಯಿತು. ಒಂದೊಂದೇ ಸರ್ವೆ ನಂಬರಿನ ವಲಯ ಬದಲಿಸುವ, ಅದೇ 1974ರ ಕಾಯ್ದೆಯ 17(2) ಕಲಮಿನ ನಿಯಮಗಳನ್ನು ಬಾಂಬೆ ಹೈಕೋರ್ಟಿನ ಗೋವಾ ಪೀಠ 2025ರ ಮಾರ್ಚ್‌ನಲ್ಲಿ ರದ್ದು ಮಾಡಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ವಲಯ ಬದಲಾವಣೆಗೇ 2024ರಲ್ಲಿ ಬಂದ 39ಎ ಕಲಮಿನಲ್ಲಿ ಆಕ್ಷೇಪಣೆಗೆ 30 ದಿನ ಕೊಡುತ್ತಾರೆ, ಸರಿ. ಆದರೆ ಪ್ರಕಟಣೆ ಬರುವುದು ಗೆಜೆಟ್‌ನಲ್ಲಿ. ಗೆಜೆಟ್ ಓದುವವರು ನಮ್ಮ ವಾಡೊದಲ್ಲಿ ಯಾರಿದ್ದಾರೆ ಹೇಳಿ? ವಲಯ ಬದಲಾವಣೆ ನಿಮ್ಮ ಕೈಯಲ್ಲಿರಲಿಲ್ಲ, ಒಪ್ಪುತ್ತೇನೆ. ಆದರೆ ಗೆಜೆಟ್‌ನಲ್ಲಿ ನಮ್ಮೂರ ಸರ್ವೆ ನಂಬರ್ ಬಂದ ದಿನವೇ ಒಂದು ಹಾಳೆ ಪ್ರಿಂಟ್ ಮಾಡಿ ಪಂಚಾಯಿತಿ ಬೋರ್ಡಿಗೆ, ಚಾಪೆಲ್ ಪಕ್ಕದ ಕಟ್ಟೆಗೆ, ಬಸ್ ಸ್ಟಾಪಿಗೆ ಅಂಟಿಸುವುದು ನಿಮ್ಮ ಕೈಯಲ್ಲಿತ್ತು ಅಲ್ವಾ?

ಇನ್ನೊಂದು ವಿಷಯ ತಾಲೂಕಿನ ಅಧಿಕಾರಿಗಳಿಗೆ. 20 ಸಾವಿರ ಚದರ ಮೀಟರ್ ದಾಟುವ ನಿರ್ಮಾಣಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ನಮ್ಮ ಗುಡ್ಡದ ಯೋಜನೆ ತುಂಡು ತುಂಡಾಗಿ ಬಂದಿದೆ. ಮೊದಲ ಹಂತ, ಎರಡನೇ ಹಂತ, ಬೇರೆ ಬೇರೆ ಅರ್ಜಿ. ದಾರಿ ಒಂದೇ, ಗೇಟ್ ಒಂದೇ, ಜಾಹೀರಾತಿನ ಚಿತ್ರವೂ ಒಂದೇ. ಎಲ್ಲ ಹಂತ ಸೇರಿಸಿ ಒಟ್ಟು ಎಷ್ಟು ಚದರ ಮೀಟರ್ ಆಗುತ್ತದೆ ಅಂತ ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ.

ಊರು ಬೆಳೆಯುತ್ತದೆ, ಜನರಿಗೆ ಮನೆ ಬೇಕು ಅಂತ ಒಬ್ಬ ಪಂಚ್ ಹೇಳಿದರು. ಮನೆ ಬೇಕು, ನಿಜ. ಯಾರಿಗೆ ಬೇಕು ಅಂತ ಮಾತ್ರ ನೋಡಬೇಕು. 2011ರ ಜನಗಣತಿಯಲ್ಲೇ ಗೋವಾದಲ್ಲಿ ಸುಮಾರು ಐದರಲ್ಲಿ ಒಂದು ಮನೆ ಖಾಲಿ ಇತ್ತು. ನಾನು ರಿಪೇರಿಗೆ ಹೋಗುವ ಫ್ಲ್ಯಾಟುಗಳಲ್ಲಿ ಎಷ್ಟೋ ಕಡೆ ಸೋಫಾದ ಪ್ಲಾಸ್ಟಿಕ್ ಇನ್ನೂ ತೆಗೆದಿರುವುದಿಲ್ಲ. ಬಾತ್‌ರೂಮಿನ ಟ್ರ್ಯಾಪಿನಲ್ಲಿ ನೀರು ಆರಿ ಇಡೀ ಮನೆ ವಾಸನೆ ಬರುತ್ತಿರುತ್ತದೆ. ಇತ್ತ ಊರಲ್ಲೇ ಹುಟ್ಟಿದ ಹುಡುಗರು ಮದುವೆಯಾದರೆ ಬೇರೆ ಮನೆ ಮಾಡಲು ಬಾಡಿಗೆ ಕಟ್ಟಲಾಗದೆ ಒಂದೇ ರೂಮಿನಲ್ಲಿ ಪರದೆ ಕಟ್ಟಿಕೊಂಡು ಇದ್ದಾರೆ. ನಮ್ಮ ಕೂಲಿ ಜನರ ಪಾಡು ಹೇಳುವುದೇ ಬೇಡ. ಚಿಕ್ಕ ಮನೆಗಳ ಯೋಜನೆ ತನ್ನಿ. ನಾನು ಬೇಡ ಅನ್ನುವುದಿಲ್ಲ, ಮೊದಲು ಬಂದು ಬೆಂಬಲಿಸುತ್ತೇನೆ.

ಕೂಲಿ ಜನರ ಮಾತು ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಕೆಲಸ ಶುರುವಾದರೆ ತಗಡಿನ ಶೆಡ್ ಏಳುತ್ತವೆ. ಅದರಲ್ಲಿ ಇರುವವರು ನಮ್ಮ ಕಡೆಯವರೇ, ಜೊತೆಗೆ ಒಡಿಶಾ, ಬಿಹಾರ, ಜಾರ್ಖಂಡಿನವರು. ಶೌಚಾಲಯ ಇರುವುದಿಲ್ಲ. ಅವರು ಹಳ್ಳದ ಕಡೆ ಹೋಗುತ್ತಾರೆ, ಆಮೇಲೆ ಊರವರು ಅವರನ್ನೇ ಬಯ್ಯುತ್ತಾರೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಕಟ್ಟಿಸಿಕೊಳ್ಳುತ್ತಾರೆ. ಶೆಡ್‌ಗೆ ನೀರು, ಶೌಚಾಲಯ ಇಲ್ಲದೆ ಕೆಲಸ ಶುರು ಮಾಡುವ ಹಾಗಿಲ್ಲ ಅಂತ ಪರವಾನಗಿಯಲ್ಲೇ ಬರೆಯಲು ಏನು ಅಡ್ಡಿ? ಯಾವುದೇ ಯೋಜನೆ ಬರಲಿ, ಇದು ಬೇಕೇ ಬೇಕು.

ನಾವು ಕೇಳುವುದು ಬಹಳ ಇಲ್ಲ. ಪಂಚಾಯಿತಿ ಸಭೆಯಲ್ಲಿ ಈ ಅರ್ಜಿಯನ್ನು ಈಗಲೇ ಪಾಸು ಮಾಡಬೇಡಿ. ಮೊದಲು ಒಂದು ದಿನ ಗೊತ್ತು ಮಾಡಿ, ಪಂಚ್ ಸದಸ್ಯರು, ಯೋಜನಾ ಅಧಿಕಾರಿ, ನೀರಿನ ಎಂಜಿನಿಯರ್, ಅಂತರ್ಜಲ ಅಧಿಕಾರಿ ಎಲ್ಲರೂ ಒಟ್ಟಿಗೆ ಗುಡ್ಡಕ್ಕೆ ಬನ್ನಿ. ಬೇರೆ ಬೇರೆ ದಿನ ಬೇರೆ ಬೇರೆಯಾಗಿ ಬೇಡ, ಒಟ್ಟಿಗೇ ಬನ್ನಿ, ಆಗ ಯಾರೂ ಇನ್ನೊಬ್ಬರ ಮೇಜಿನ ಕಡೆ ಕೈ ತೋರಿಸಲಾಗದು. ಇಳಿಜಾರನ್ನು ನಮ್ಮ ಎದುರಲ್ಲೇ ಅಳೆಯಿರಿ. ನೀರು ಕೊಡುತ್ತೇವೆ ಅನ್ನುವುದಾದರೆ ದಿನಕ್ಕೆ ಎಷ್ಟು ಲೀಟರ್, ಯಾವ ಪೈಪಿನಿಂದ ಅಂತ ಬರೆದು ಕೊಡಲಿ. ಕೊಡಲಾಗದಿದ್ದರೆ ಆಗಲ್ಲ ಅಂತ ಬರೆಯಲಿ. ಲಭ್ಯತೆಗೆ ಒಳಪಟ್ಟು ಅನ್ನುವ ಪತ್ರವನ್ನು ದಯವಿಟ್ಟು ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಬುಡದ ಬಾವಿಗಳ ನೀರಿನ ಮಟ್ಟವನ್ನು ಮೇ ತಿಂಗಳಲ್ಲಿ ಅಳೆದು ದಾಖಲಿಸಿ. ಈಗ ಮಳೆಗಾಲದಲ್ಲಿ ಅಳೆದರೆ ಎಲ್ಲ ಬಾವಿಯೂ ತುಂಬಿಯೇ ಕಾಣುತ್ತದೆ. ಅಲ್ಲಿಯವರೆಗೆ ಕಾಯಿರಿ. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ.

ಮುಚ್ಚಿದ ಮೋರಿಯನ್ನು ಮಾತ್ರ ಕಾಯದೆ ಈ ವಾರವೇ ತೆಗೆಸಿ, ಖರ್ಚನ್ನು ದಾರಿ ಮಾಡಿದವರಿಂದಲೇ ವಸೂಲಿ ಮಾಡಿ.

ಸರಪಂಚರೇ, ನಿಮ್ಮ ಮೇಲೆ ಒತ್ತಡ ಇರುತ್ತದೆ ಅಂತ ನಮಗೆ ಗೊತ್ತಿಲ್ಲದೆ ಇಲ್ಲ. ಪರವಾನಗಿ ಕೊಡದಿದ್ದರೆ ಬಿಲ್ಡರ್ ಮೇಲ್ಮನವಿ ಹೋಗುತ್ತಾರೆ, ಅಲ್ಲಿ ನಿಮ್ಮ ಆದೇಶ ಬಿದ್ದುಹೋಗಬಹುದು ಅಂತ ನೀವೇ ಒಮ್ಮೆ ಹೇಳಿದ್ದೀರಿ. ಹೋಗಲಿ. ಕಾರಣ ಬರೆದು, ಅಳತೆ ಜೊತೆಗಿಟ್ಟು ಕೊಟ್ಟ ಆದೇಶಕ್ಕೆ ಮೇಲ್ಮನವಿಯಲ್ಲೂ ಬೆಲೆ ಇರುತ್ತದೆ. ಕಾರಣವಿಲ್ಲದ ಸಹಿಗೆ ಇರುವುದಿಲ್ಲ. ಜನ ಬೀದಿಗಿಳಿದ ಮೇಲೆ 2007ರಲ್ಲಿ ಪ್ರಾದೇಶಿಕ ಯೋಜನೆ 2011 ಅನ್ನೇ ಸರ್ಕಾರ ಹಿಂತೆಗೆದುಕೊಂಡ ರಾಜ್ಯ ಇದು. ಊರೇ ನಿಮ್ಮ ಬೆನ್ನಿಗಿದ್ದರೆ ನೀವೊಬ್ಬರೇ ಅಂಜುವ ಕಾರಣ ಇಲ್ಲ. ಮೇಲ್ಮನವಿಯ ದಿನ ನಾವೂ ಕೆಲಸ ಬಿಟ್ಟು ನಿಮ್ಮ ಜೊತೆ ಬರುತ್ತೇವೆ.

ಕನ್ನಡದಲ್ಲಿ ಇದನ್ನು ಓದುತ್ತಿರುವ ನಮ್ಮವರಿಗೆ: ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನಿಮ್ಮೂರ ಗ್ರಾಮಸಭೆಗೆ ಹೋಗಿ. ಮಾಮೂಲಿ ಸಭೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನಲ್ಲಿ, ಭಾನುವಾರ ಇರುತ್ತದೆ. ಕೊಂಕಣಿ ತಡವರಿಸಿದರೂ ಪರವಾಗಿಲ್ಲ, ಎದ್ದು ಮಾತಾಡಿ. ಹೇಳಿದ್ದನ್ನು ನಡಾವಳಿಯಲ್ಲಿ ಬರೆಸಿ, ಬರೆದಿದ್ದಾರಾ ಅಂತ ಓದಿ ನೋಡಿಯೇ ಹೊರಡಿ.

ಪಂಚಾಯಿತಿಗೆ ಕೊನೆಯದಾಗಿ: ಅಕ್ಟೋಬರ್ ಗ್ರಾಮಸಭೆಗೆ ನಮ್ಮ ವಾಡೊದವರೆಲ್ಲ ಬರುತ್ತೇವೆ. ಆ ದಿನ ಈ ಯೋಜನೆಯ ಪೂರ್ತಿ ಫೈಲನ್ನು, ಎಲ್ಲ ಹಂತಗಳ ನಕ್ಷೆ ಸಮೇತ, ಸಭೆಯ ಮೇಜಿನ ಮೇಲೆ ಇಡಬೇಕು. ಒಟ್ಟು ಮನೆ ಎಷ್ಟು ಅನ್ನುವ ಪ್ರಶ್ನೆಯನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಬೇಕು. ಅದಕ್ಕೆ ಮುಂಚೆ ಪರವಾನಗಿ ಕೊಟ್ಟರೆ ಮೇಲ್ಮನವಿ ಹಾಕುತ್ತೇವೆ. ಅದಕ್ಕೆ ಬೇಕಾದ ಕಾಗದಗಳು ತಯಾರಿವೆ.

ಇಂತಿ ತಮ್ಮ,
ವಾಡೊದ ನಿವಾಸಿ, ಇದೇ ಪಂಚಾಯಿತಿಯ ಮತದಾರ